ಹಿಂದಿನ ಸೀಟಿನ ಎಡಮೂಲೆ

ನಮ್ಮ ಅತ್ತಿಗೆಯ ಕಾಲ್ಗುಣದಿಂದ ನಮ್ಮ ಮನೆಯ ಕಾರು ಕೆಡಲಿಲ್ಲ. ಅದನ್ನು ಕೆಡಿಸಿದವನು ನಾನು. ಯಾಕೆ ಕೆಟ್ಟಿದೆ ಎಂದು ಕಂಡುಹಿಡಿದವನೂ ನಾನೇ. ಕಂಡುಹಿಡಿದ ಮೇಲೆ ಬಾಯಿ ಹೊಲಿದುಕೊಂಡು ಕೂತವನೂ ನಾನೇ. ಅದರಿಂದ ಒಬ್ಬ ಹೆಣ್ಣುಮಗಳಿಗೆ ಗಂಡನ ಮನೆ ತಪ್ಪಿಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಸುತ್ತಿ ಬಳಸಿ ಕಡೆಗೆ ಹೇಳೋಣ ಎಂದು ಹೊರಟರೆ ನಾನು ಹೇಳುವವನೇ ಅಲ್ಲ, ನನ್ನ ಬುದ್ಧಿ ನನಗೆ ಚೆನ್ನಾಗಿ ಗೊತ್ತು.

ಆಗ ಐವತ್ತರ ದಶಕ. ಬಸವನಗುಡಿಯಲ್ಲಿ ಬಹುಕಾಲ ಇದ್ದ ನಾವು ಜಯನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದೆವು. ನಮ್ಮ ಮನೆಯಿಂದ ಮುಂದಕ್ಕೆ ಬರೀ ಗಡಿಕಲ್ಲು ನೆಟ್ಟ ಖಾಲಿ ಸೈಟುಗಳು, ಅವುಗಳ ಆಚೆ ಬಂಡೆ, ಲಂಟಾನದ ಪೊದೆ. ದೀಪ ಹಚ್ಚುವ ಹೊತ್ತಿಗೆ ನರಿ ಕೂಗುತ್ತಿದ್ದವು. ನಮ್ಮ ತಂದೆ ವಕೀಲರು. ಕಂಟೋನ್ಮೆಂಟಿನಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿಹೋದ ಕಪ್ಪು ಕಾರನ್ನು ಕೊಂಡಿದ್ದರು. ಯುದ್ಧಕ್ಕೂ ಮುಂಚಿನ ಗಾಡಿ. ಅದರ ಪೆಟ್ರೋಲ್ ಪಂಪು ಬ್ಯಾಟರಿಯ ಕರೆಂಟಿನಿಂದ ನಡೆಯುವಂಥದು, ಹಿಂದುಗಡೆ ಇತ್ತು. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಬೆನ್ನಿನಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು ಶುರುವಾಗುತ್ತಿತ್ತು. ಮನೆಯ ಗಡಿಯಾರದ ಸದ್ದಿನ ಹಾಗೆ ನಮಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

ಆ ಕಾರನ್ನು ಮಕ್ಕಳು ಮುಟ್ಟಬಾರದೆಂದು ಅಪ್ಪನ ಕಟ್ಟಪ್ಪಣೆ. ನಾನಾಗ ಕಾಲೇಜಿನ ಮೊದಲ ವರ್ಷ. ತಂತಿ, ಬಲ್ಬು, ಬ್ಯಾಟರಿ ಎಂದರೆ ಹುಚ್ಚು. ರೇಡಿಯೋ ಬಿಚ್ಚಿ ಮತ್ತೆ ಕೂಡಿಸಲಾರದೆ ಬೆನ್ನಿಗೆ ತಿಂದವನು. ಆದರೂ ಬುದ್ಧಿ ಬಂದಿರಲಿಲ್ಲ.

ವೈಶಾಖದಲ್ಲಿ ನಮ್ಮಣ್ಣ ಶ್ರೀಕಂಠನ ಮದುವೆಯಾಯಿತು. ಹುಡುಗಿ ವಸಂತಪುರದ ಶ್ಯಾನುಭೋಗರ ಮಗಳು, ವಿಶಾಲಾಕ್ಷಿ. ಮೆರವಣಿಗೆಗೆ ನಮ್ಮ ಕಾರೇ ಸಿಂಗಾರವಾಗಬೇಕಿತ್ತು. ನನಗೊಂದು ಯೋಚನೆ ಹೊಳೆಯಿತು — ಹೆಂಡತಿ ಕೂರುವುದು ಗಂಡನ ಎಡಕ್ಕೆ ತಾನೆ? ಹಿಂದಿನ ಸೀಟಿನ ಎಡಮೂಲೆಯಲ್ಲಿ ಮಲ್ಲಿಗೆ ದಂಡೆಯ ಒಳಗೆ ಒಂದು ಸಣ್ಣ ಬಲ್ಬು ಬಚ್ಚಿಟ್ಟರೆ ಅತ್ತಿಗೆಯ ಮುಖ ಬೀದಿಗೆಲ್ಲ ಕಾಣುತ್ತದೆ! ಯಾರಿಗೂ ಹೇಳದೆ ಸೀಟು ಎತ್ತಿದೆ. ಪಂಪಿಗೆ ಹೋಗುವ ತಂತಿ ಆ ಮೂಲೆಯಲ್ಲೇ ಹಾದುಹೋಗಿತ್ತು. ಅದನ್ನು ಕತ್ತರಿಸಿ ಬಲ್ಬಿನ ತಂತಿಯನ್ನು ಸೇರಿಸಿದೆ. ಮೆರವಣಿಗೆಯಲ್ಲಿ ಎಲ್ಲರೂ ಮೆಚ್ಚಿದ್ದೇ ಮೆಚ್ಚಿದ್ದು. ಅಪ್ಪ ಅದು ಹೂವಿನವರ ಕೈಚಳಕ ಎಂದುಕೊಂಡರು, ನಾನೂ ತಿದ್ದಲಿಲ್ಲ. ಮರುದಿನ ಬಲ್ಬು ಕಿತ್ತು, ಕತ್ತರಿಸಿದ ತುದಿಗಳನ್ನು ಬೆರಳಲ್ಲಿ ಹೊಸೆದು, ಮೇಲೊಂದು ಬಟ್ಟೆಯ ಚಿಂದಿ ಸುತ್ತಿ ಸೀಟು ಮುಚ್ಚಿದೆ. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು, ಅವಸರವಿತ್ತು.

ಆ ಎಡಮೂಲೆ ಇನ್ನು ಒಂದು ವರ್ಷ ಸೊಸೆಯದು, ಬೇರೆ ಯಾರೂ ಅಲ್ಲಿ ಕೂರಕೂಡದು ಎಂದು ಅಮ್ಮ ಹೇಳಿಬಿಟ್ಟರು. ಪ್ರೀತಿಯಿಂದಲೇ ಹೇಳಿದ್ದು. ಲಕ್ಷ್ಮಿ ಕೂತ ಜಾಗವಂತೆ.

ಮದುವೆಯಾದ ಮೇಲೆ ಮೊದಲ ಸಲ ಬೀಗರ ಮನೆಗೆ ಊಟಕ್ಕೆ ಹೊರಟೆವು. ಅಪ್ಪ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಅಣ್ಣ. ಹಿಂದೆ ಬಲಕ್ಕೆ ಅಮ್ಮ, ನಡುವೆ ನಾನು, ಎಡಮೂಲೆಯಲ್ಲಿ ಅತ್ತಿಗೆ. ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ಇನ್ನೂ ದಾಟಿರಲಿಲ್ಲ, ಎಂಜಿನ್ ಮುಗ್ಗರಿಸತೊಡಗಿತು. ಒಂದು ಸಲ ಕೆಮ್ಮಿತು, ಸುಧಾರಿಸಿಕೊಂಡಿತು, ಮತ್ತೆ ಪಟ್ ಪಟ್ ಎಂದು ಹೊಡೆದು ಸುಮ್ಮನಾಯಿತು. ಮಟಮಟ ಮಧ್ಯಾಹ್ನ. ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಮರಗಳು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕಾರಿನ ಸದ್ದು ನಿಂತ ಮೇಲೆ ಆ ರಸ್ತೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಹೆಂಗಸರನ್ನು ಇಳಿಸಿ ಬಾನೆಟ್ ಎತ್ತಿದರು, ಮುಚ್ಚಿದರು, ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಎಲ್ಲರೂ ಹತ್ತಿದೆವು. ಸ್ವಲ್ಪ ದೂರ ಹೋಗಿ ಮತ್ತೆ ಅದೇ ಪಟ್ ಪಟ್, ಮತ್ತೆ ಮೌನ. ಅಮ್ಮನೂ ಅತ್ತಿಗೆಯೂ ಮರದ ನೆರಳಲ್ಲಿ ನಿಂತರು. ಅಪ್ಪ, ಅಣ್ಣ, ನಾನು ಒಂದು ಸುತ್ತು ಹೋಗಿಬಂದೆವು. ಕಾರು ಹೂವಿನ ಹಾಗೆ ಓಡಿತು. ಅಮ್ಮ ಹತ್ತಿದರು, ಆಗಲೂ ಓಡಿತು. ಅತ್ತಿಗೆ ಹತ್ತಿದರು — ನಿಂತಿತು. ಆಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಉಳಿದ ದಾರಿಯನ್ನು ಅತ್ತಿಗೆ, ಅಣ್ಣ ಇಬ್ಬರೂ ನಡೆದೇ ಬಂದರು.

ಲಾಲ್‌ಬಾಗಿನ ಪಶ್ಚಿಮದ ಬಾಗಿಲಿನ ಕಡೆ ಗ್ಯಾರೇಜು ಇಟ್ಟಿದ್ದ ಬಾಷಾ ಸಾಬರು ನಮ್ಮ ಕಾರಿನ ವೈದ್ಯರು. ಎಂಜಿನ್ ತಪ್ಪಿ ಹೊಡೆಯುತ್ತದೆ ಎಂದರೆ ಯಾವ ಮೆಕ್ಯಾನಿಕ್ಕಾದರೂ ನೋಡುವುದು ಮುಂದುಗಡೆಯೇ ಅಲ್ಲವೇ. ಪ್ಲಗ್ಗು ಬದಲಾಯಿಸಿದರು. ಪಾಯಿಂಟು, ಕಂಡೆನ್ಸರು ಬದಲಾಯಿಸಿದರು. ಕಾರ್ಬರೇಟರ್ ಬಿಚ್ಚಿ ತೊಳೆದರು. ಪೆಟ್ರೋಲ್ ಟ್ಯಾಂಕು ಇಳಿಸಿ ತುಕ್ಕು ಕೆರೆದರು. ಆಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬನಶಂಕರಿ ಗುಡಿಯವರೆಗೂ ಓಡಿಸಿ ನೋಡಿದರು. ಹಿಂದಿನ ಸೀಟು ಖಾಲಿ. ಕಾರು ಎಲ್ಲೂ ಮುಗ್ಗರಿಸಲಿಲ್ಲ. ಮನೆಗೆ ತಂದು ನಿಲ್ಲಿಸಿದ ಮೇಲೆ, ಅತ್ತಿಗೆ ಹತ್ತಿದರೆ, ಸಜ್ಜನರಾವ್ ಸರ್ಕಲ್ ತಲುಪುವುದರೊಳಗೆ ಮತ್ತೆ ಅದೇ ಕಥೆ.

ಕಡೆಯ ಸಲ ಬಂದಾಗ ಸಾಬರು ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಗಾಡೀಲಿ ಏನೂ ಇಲ್ಲ ಸ್ವಾಮಿ. ನನ್ ಕೈಲಿ ಆಗೋದೆಲ್ಲ ನೋಡ್ದೆ. ಬೇರೆ ಏನಾದ್ರೂ ಇದ್ರೆ ಅದು ನಂಗೊತ್ತಾಗಲ್ಲ."

ಬೇರೆ ಏನಾದರೂ! ಆ ಮಾತು ಮನೆಯೊಳಗೆ ಬಂದು ಕೂತುಕೊಂಡಿತು. ಅಡಿಗೆಮನೆಯಲ್ಲಿ ಪಿಸುಮಾತು ಶುರುವಾಯಿತು. ಸೊಸೆ ಹೊಸಲು ತುಳಿದದ್ದು ಯಾವ ಗಳಿಗೆಯಲ್ಲಿ, ಮದುವೆಯಾದ ವಾರದಲ್ಲೇ ಅಪ್ಪನ ಒಂದು ದೊಡ್ಡ ಕೇಸು ಬಿದ್ದುಹೋದದ್ದು ಯಾಕೆ, ಕರು ಹಾಕಿದ ಹಸು ಒದೆಯುವುದು ಯಾಕೆ — ಕಾಲ್ಗುಣ ಎಂಬ ಒಂದು ಪದ ಸಿಕ್ಕಿದ್ದೇ ತಡ, ಎಲ್ಲಕ್ಕೂ ಕಾರಣ ಸಿಕ್ಕಿಬಿಟ್ಟಿತು. ಅಮ್ಮ ಎಡಮೂಲೆಯ ಸೀಟಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟರು.

ಅಪ್ಪ ಮಾತ್ರ ಇದನ್ನೆಲ್ಲ ಒಪ್ಪುವವರಲ್ಲ. ವಕೀಲರು, ಸಾಕ್ಷಿ ಬೇಕು ಅವರಿಗೆ. ಒಂದು ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಶುರುಮಾಡಿ, ಸೊಸೆಯನ್ನು ಕರೆದರು. "ಹತ್ತಮ್ಮ. ಒಂದು ಸಲ ನೋಡೇಬಿಡೋಣ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಭಯಂಕರವಾಗಿತ್ತು. ಆಳೆತ್ತರದ ಅತ್ತಿಗೆ ತಲೆ ಬಗ್ಗಿಸಿ ಒಳಗೆ ಹೋಗಿ ತಮ್ಮ ಮೂಲೆಯಲ್ಲಿ ಕೂತರು. ನಾವೆಲ್ಲ ಜಗುಲಿಯಲ್ಲಿ ನಿಂತಿದ್ದೆವು. ಎಂಜಿನ್ ಓಡಿತು, ಓಡುತ್ತಲೇ ಇತ್ತು. ಅಮ್ಮನ ಮುಖದಲ್ಲಿ ಸ್ವಲ್ಪ ಗೆಲುವು ಕೂಡ ಕಂಡಿತು. ಆಮೇಲೆ — ಒಂದು ಸಣ್ಣ ಕೆಮ್ಮು. ಪಟ್ ಪಟ್. ನಿಂತಿತು. ಇಳಿಸಿ ಮತ್ತೆ ಶುರುಮಾಡಿದರು, ಓಡಿತು. ಹತ್ತಿಸಿದರು, ಸತ್ತಿತು. ಇನ್ನೂ ಒಂದು ಸಲ ನೋಡಿದರು. ಆಗ ನಾನು ಕಿಟಕಿಯ ಗಾಜಿನಾಚೆ ಅತ್ತಿಗೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೂತಿದ್ದರು. ಉಸಿರಾಡದಿದ್ದರೆ ತಾವು ಅಲ್ಲಿ ಕೂತದ್ದು ಕಾರಿಗೆ ಗೊತ್ತಾಗುವುದಿಲ್ಲ ಎನ್ನುವ ಹಾಗೆ. ಆಗಲೂ ಅದಕ್ಕೆ ಗೊತ್ತಾಯಿತು.

ಅಪ್ಪ ಕೀ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಖಾಲಿ ಸೈಟುಗಳ ಕಡೆಯಿಂದ ನರಿ ಕೂಗಿತು. ಅತ್ತಿಗೆ ಇನ್ನೂ ಕಾರಿನಲ್ಲೇ ಕೂತಿದ್ದರು, ಇಳಿ ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಹಿತ್ತಲಿನಲ್ಲಿ ಬಟ್ಟೆ ಒಣಗಿಹಾಕುತ್ತಿದ್ದ ಅತ್ತಿಗೆ ನನ್ನನ್ನು ಹತ್ತಿರ ಕರೆದರು. ಈಗಲೂ ಆ ಮಾತು ಅಕ್ಷರ ಅಕ್ಷರವೂ ನೆನಪಿದೆ.

"ಪುಟ್ಟು, ನಿಂಗೊಂದ್ ಮಾತು ಕೇಳ್ತೀನಿ, ನಗಬೇಡ. ನನ್ ಬೆನ್ನ ಹಿಂದೆ ಒಂದು ಸದ್ದಿರುತ್ತೆ ಆ ಕಾರಲ್ಲಿ. ಟಿಕ್ ಟಿಕ್ ಅಂತ. ನಾನು ಕೂತ ತಕ್ಷಣ ಅದು ನಿಂತೋಗುತ್ತೆ. ನಿಮಗ್ಯಾರಿಗೂ ಕೇಳಿಸಲ್ವಾ? ನನ್ ಮೈ ತಾಕಿದ್ರೆ ಅದರ ಜೀವ ಹೋಗುತ್ತೇನೋ ಅನ್ಸುತ್ತೆ ಕಣೋ."

ಅಷ್ಟು ಮಂದಿ ಗಂಡಸರು ವಾರಗಟ್ಟಲೆ ಹುಡುಕಿ ಸಿಗದ ದೋಷವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಪಂಪು ನಿಲ್ಲುತ್ತಿದೆ. ಕಾರ್ಬರೇಟರಿನಲ್ಲಿ ಉಳಿದಿರುವ ಪೆಟ್ರೋಲ್ ಮುಗಿಯುವ ತನಕ ಎಂಜಿನ್ ಓಡುತ್ತದೆ, ಆಮೇಲೆ ಕೆಮ್ಮಿ ಸಾಯುತ್ತದೆ. ಪಂಪು ನಿಲ್ಲುವುದು ಆ ಮೂಲೆಯಲ್ಲಿ ಯಾರಾದರೂ ಕೂತಾಗ. ಆ ಮೂಲೆಯ ಕೆಳಗೆ ನಾನು ಹೊಸೆದ ತಂತಿ ಇದೆ —

ನನ್ನ ಬಾಯಿಂದ ಬಂದದ್ದು ಇಷ್ಟು: "ನಿಮ್ ಭ್ರಮೆ ಅತ್ತಿಗೆ. ಅಂಥ ಸದ್ದು ಯಾವ್ದೂ ಇಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿ, "ಹಾಗಾದ್ರೆ ನಂಗೇ ಏನೋ ಆಗಿದೆ" ಎಂದು ಹಿಂಡಿದ ಸೀರೆಯನ್ನು ಮತ್ತೆ ಹಿಂಡತೊಡಗಿದರು.

ಅಪ್ಪ ಪೂಜೆಗೆ ಕೂತಾಗ ಮೊಳೆಗೆ ಹಾಕಿದ್ದ ಕೀ ತೆಗೆದುಕೊಂಡು ಕಾರಿನೊಳಗೆ ಹೋದೆ. ತಿರುಗಿಸಿದೆ. ಟಿಕ್, ಟಿಕ್, ಟಿಕ್. ಹಿಂದೆ ಹೋಗಿ ನಿಂಬೆಹಣ್ಣನ್ನು ಸರಿಸಿ ಎಡಮೂಲೆಯಲ್ಲಿ ಕೂತೆ. ಸದ್ದು ನಿಂತಿತು. ಎದ್ದೆ, ಸದ್ದು ಬಂತು. ಕಾರಣ ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು. ಸೀಟಿನ ಸ್ಪ್ರಿಂಗು ಭಾರಕ್ಕೆ ಕೆಳಗಿಳಿದಾಗ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿದ್ದ ನನ್ನ ಚಿಂದಿ ಸುತ್ತಿದ ಗಂಟನ್ನು ಎಳೆಯುತ್ತಿತ್ತು, ಮೇಲೆದ್ದರೆ ಬಿಡುತ್ತಿತ್ತು. ಅಷ್ಟೇ ಅದರ ಮಾಯೆ. ಕಾರಣ ಗೊತ್ತಿಲ್ಲದೆ ಅಲ್ಲಿ ಕೂತವರಿಗೆ ಹೇಗಾಗಿರಬೇಕು ಎಂದು ಯೋಚಿಸುವಷ್ಟು ಒಳ್ಳೆಯವನಾಗಿರಲಿಲ್ಲ ನಾನು. ಅಪ್ಪನಿಗೆ ಗೊತ್ತಾದರೆ ಏನು ಗತಿ ಎಂದಷ್ಟೇ ಯೋಚಿಸಿದೆ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿ ಇರಬಾರದು. ಸೊಸೆ ತವರಿಗೆ ಹೋಗುತ್ತಾಳೆ, ಶ್ರಾವಣ ಬಂದ ಮೇಲೆ ಗಂಡನ ಮನೆಯವರು ಹೋಗಿ ಕರೆತರುತ್ತಾರೆ. ಶ್ಯಾನುಭೋಗರು ಗಾಡಿ ಕಟ್ಟಿಸಿಕೊಂಡು ಬಂದರು. ಕಾರಿನಲ್ಲಿ ಬಿಟ್ಟುಬರುತ್ತೇವೆ ಎಂದು ನಮ್ಮವರ್ಯಾರೂ ಉಪಚಾರಕ್ಕೂ ಹೇಳಲಿಲ್ಲ. ಅಣ್ಣ ತಿರುವಿನವರೆಗೂ ಗಾಡಿಯ ಪಕ್ಕದಲ್ಲೇ ನಡೆದುಹೋದ.

ನಾನು ಬುದ್ಧಿವಂತ ಅಲ್ಲವೇ? ಅವರು ಇಲ್ಲದಾಗ ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಅವರು ಬರುವ ಹೊತ್ತಿಗೆ ಕಾರು ಚೆನ್ನಾಗಿರುತ್ತದೆ, ಎಲ್ಲರೂ ಮರೆಯುತ್ತಾರೆ, ನಾನೂ ಬೈಸಿಕೊಳ್ಳುವುದು ಬೇಡ — ಹೀಗೆ ಲೆಕ್ಕ ಹಾಕಿದೆ. ಸೀಟು ಎತ್ತಿ ತಂತಿಗೆ ಭದ್ರವಾಗಿ ಬೆಸುಗೆ ಹಾಕಿ, ಸ್ಪ್ರಿಂಗಿಗೆ ಸಿಗದ ಹಾಗೆ ಪಕ್ಕಕ್ಕೆ ಕಟ್ಟಿದೆ. ಒಳ್ಳೆಯ ಕೆಲಸವನ್ನೇ ಮಾಡಿದೆ ಎಂಬ ನೆಮ್ಮದಿಯೂ ಆಯಿತು.

ಆಷಾಢದ ಗಾಳಿಯಲ್ಲಿ ಕಾರು ಎಲ್ಲೆಲ್ಲಿಗೋ ಓಡಿತು. ಒಂದು ದಿನವೂ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಸೋದರತ್ತೆ, ನಾನು ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಬಲಕ್ಕೆ ಒತ್ತಿಕೊಂಡು ಕೂರುತ್ತಿದ್ದೆವು. ಎಡಮೂಲೆಯನ್ನು ಖಾಲಿ ಬಿಡುತ್ತಿದ್ದೆವು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಅಲ್ಲಿ ಒಬ್ಬರು ಕೂತಿದ್ದಾರೆ, ತಾಕಬಾರದು ಎನ್ನುವ ಹಾಗೆ ಎಲ್ಲರ ಮೊಣಕೈಯೂ ಈ ಕಡೆಗೇ ಸರಿಯುತ್ತಿತ್ತು. ತಿರುವಿನಲ್ಲಿ ಕಾರು ವಾಲಿದಾಗ ಸೋದರತ್ತೆ ಸೀಟಿನ ಅಂಚನ್ನು ಬಿಗಿಹಿಡಿದುಕೊಳ್ಳುತ್ತಿದ್ದರು, ಆ ಕಡೆ ಜಾರಿಹೋಗಬಾರದೆಂದು. ಸರಿಮಾಡಿದವನಾದ ನಾನೇ ಅಲ್ಲಿ ಕೂತು ತೋರಿಸಬಹುದಿತ್ತು. ಕೂರಲಿಲ್ಲ. ನನಗೂ ಭಯವಾಗುತ್ತಿತ್ತು ಎಂದರೆ ನೀವು ನಂಬುತ್ತೀರಾ? ಟಿಕ್ ಟಿಕ್ ಸದ್ದು ಈಗ ನನಗೆ ಬಿಡದೆ ಕೇಳಿಸುತ್ತಿತ್ತು, ಯಾರೋ ಬೆನ್ನ ಹಿಂದೆ ಕೂತು ಬೆರಳಲ್ಲಿ ತಟ್ಟುತ್ತಿರುವ ಹಾಗೆ.

ಒಂದು ದಿನ ಬನಶಂಕರಿಯಿಂದ ಹಿಂದಿರುಗುವಾಗ ಅಪ್ಪ ಸ್ಟೀರಿಂಗ್ ಹಿಡಿದುಕೊಂಡೇ, ತಿರುಗಿ ನೋಡದೆ ಹೇಳಿದರು: "ನಾನು ಇಂಥದ್ದನ್ನೆಲ್ಲ ನಂಬೋನಲ್ಲ. ಆದ್ರೆ ಕಣ್ಣಾರೆ ಕಂಡಿದ್ದನ್ನ ಹೇಗೆ ಇಲ್ಲ ಅನ್ಲಿ? ಆ ಹುಡುಗಿ ಹೊರಗೆ ಹೋದಳು, ಕಾರು ಸರಿಹೋಯ್ತು."

ನನ್ನ ಬೆಸುಗೆ ಅವರ ಸಾಕ್ಷಿಯಾಗಿತ್ತು. ಕೆಟ್ಟ ಕಾರನ್ನು ಕೆಟ್ಟ ಹಾಗೆಯೇ ಬಿಟ್ಟಿದ್ದರೂ ಒಂದು ದಿನ ಯಾರೋ ಆ ಮೂಲೆಯಲ್ಲಿ ಕೂತು, ಕಾರು ನಿಂತು, ಸತ್ಯ ಹೊರಗೆ ಬರುತ್ತಿತ್ತು. ಅದನ್ನೂ ನಾನೇ ಮುಚ್ಚಿದ್ದೆ. ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಶ್ರಾವಣ ಬಂತು. ವಸಂತಪುರಕ್ಕೆ ಯಾರೂ ಹೊರಡಲಿಲ್ಲ. ವರಮಹಾಲಕ್ಷ್ಮಿ ಹಬ್ಬವೂ ಕಳೆಯಿತು. ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಮಹಡಿಗೆ ಕರೆದುಕೊಂಡು ಹೋದ. ಅವನು ಬಹಳ ಮೆತ್ತನೆಯ ಮನುಷ್ಯ, ಅಪ್ಪನ ಎದುರು ಒಂದು ಮಾತೂ ಆಡಿದವನಲ್ಲ. ನನ್ನ ಭುಜ ಹಿಡಿದುಕೊಂಡ.

"ನಿಜ ಹೇಳು ಪುಟ್ಟು. ನಿಂಗೆ ಇದೆಲ್ಲ ಗೊತ್ತಾಗುತ್ತೆ. ಕಾರಲ್ಲೇ ಏನೋ ಕೆಟ್ಟಿತ್ತು ಅಂತ ಒಂದ್ ಮಾತು ಹೇಳು ಸಾಕು. ನಾಳೇನೇ ಹೋಗಿ ಅವಳನ್ನ ಕರ್ಕೊಂಡ್ ಬರ್ತೀನಿ. ಅಪ್ಪ ಬೇಡ ಅಂದ್ರೂ ಸರಿ."

ಆ ಒಂದು ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಆದರೆ ಈಗ ಹೇಳುವುದು ತಂತಿ ಕತ್ತರಿಸಿದ್ದನ್ನು ಮಾತ್ರವಲ್ಲ — ಗೊತ್ತಿದ್ದೂ ಸುಮ್ಮನಿದ್ದದ್ದನ್ನು, ಕದ್ದು ಸರಿಮಾಡಿದ್ದನ್ನು, ಇಷ್ಟು ದಿನ ಎಲ್ಲರ ಜೊತೆ ಬಲಕ್ಕೆ ಒತ್ತಿ ಕೂತದ್ದನ್ನು. ಅಣ್ಣನ ಕಣ್ಣಲ್ಲಿ ಸಣ್ಣವನಾಗಲು ನನಗೆ ಇಷ್ಟವಿರಲಿಲ್ಲ.

"ಏನೂ ಇರ್ಲಿಲ್ಲ ಅಣ್ಣ" ಎಂದೆ.

ಅವನು ಭುಜ ಬಿಟ್ಟ. ಆ ವರ್ಷವೇ ಬೊಂಬಾಯಿಯಲ್ಲಿ ಕೆಲಸ ಹುಡುಕಿಕೊಂಡು ಹೋದ. ಮತ್ತೆ ಮದುವೆಯಾಗಲಿಲ್ಲ, ಅತ್ತಿಗೆಯನ್ನು ಕರೆಸಿಕೊಳ್ಳಲೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರನ್ನು ಯಾರಿಗೋ ಮಾರಿದೆವು. ಹೋದ ವರ್ಷ ಅಣ್ಣನೂ ಅಲ್ಲೇ ಕಾಮಾಲೆಯಾಗಿ ಹೋಗಿಬಿಟ್ಟ. ಈಗ ಅವನಿಗೆ ಹೇಳಲು ದಾರಿಯಿಲ್ಲ.

ಇಷ್ಟಾದರೂ ನಾನು ಹೇಳುತ್ತಿರಲಿಲ್ಲವೇನೋ. ಕಳೆದ ತಿಂಗಳು ಕೆಲಸದ ಮೇಲೆ ಬಸ್ಸಿನಲ್ಲಿ ಕನಕಪುರ ರಸ್ತೆಯಲ್ಲಿ ಹೋಗುತ್ತಿದ್ದೆ. ಜರಗನಹಳ್ಳಿಯ ಹತ್ತಿರ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ಸುಡುಬಿಸಿಲಲ್ಲಿ ನಡೆದುಹೋಗುತ್ತಿದ್ದರು. ಆ ಎತ್ತರ, ತಲೆ ಬಗ್ಗಿಸಿದ ಆ ನಡಿಗೆ. ಹೊಸ ಕಂಡಕ್ಟರ್ ಬಸ್ ನಿಲ್ಲಿಸಿ, "ಬನ್ನಿ ಅಮ್ಮ, ಜಾಗ ಐತೆ" ಎಂದ.

"ಬೇಡಪ್ಪ, ನೀವ್ ಹೋಗಿ" ಎಂದರು ಅವರು, ಬಹಳ ಸಹಜವಾಗಿ. "ನಾನು ಹತ್ತಿದ್ರೆ ನಿಂತೋಗುತ್ತೆ."

ಬಸ್ಸಿನಲ್ಲಿ ಕೆಲವರು ನಕ್ಕರು. ಡ್ರೈವರ್ ನಗಲಿಲ್ಲ, ಎದುರಿಗಿದ್ದ ದೇವರ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡ. "ಆಯಮ್ಮನ್ನ ಕರೀಬೇಡ ಕಣಣ್ಣ" ಎಂದು ಕಂಡಕ್ಟರಿಗೆ ಹೇಳಿದ. "ಯಾವ ಗಾಡೀನೂ ಹತ್ತಲ್ಲ. ಮದ್ವೆ ಮನೇಗೂ ಯಾರೂ ಕರಿಯಲ್ಲ." ನನ್ನ ಪಕ್ಕದ ಸೀಟು ಖಾಲಿಯಿತ್ತು. ನಾನು ಕಿಟಕಿಯಿಂದ ಮುಖ ಈ ಕಡೆ ತಿರುಗಿಸಿಕೊಂಡೆ. ಹದಿನೇಳರ ಹುಡುಗ ಮಾಡಿದ ತಪ್ಪು ಎಂದು ಇಷ್ಟು ದಿನ ಸಮಾಧಾನ ಹೇಳಿಕೊಳ್ಳುತ್ತಿದ್ದೆನಲ್ಲ — ಈಗ ಮುಖ ತಿರುಗಿಸಿದವನು ಮಕ್ಕಳೊಂದಿಗ, ಕಾರ್ಖಾನೆಯಲ್ಲಿ ಎಂಜಿನಿಯರು.

ಮುಂದಿನ ಭಾನುವಾರ ವಸಂತಪುರಕ್ಕೆ ಹೋದೆ. ಅತ್ತಿಗೆ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಹಣೆ ಬರಿದಾಗಿತ್ತು. ಮುದುಕರಾದ ಶ್ಯಾನುಭೋಗರು ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತರು. ನಾನು ನಿಂತೇ ಎಲ್ಲವನ್ನೂ ಹೇಳಿದೆ — ಬಲ್ಬು, ತಂತಿ, ಸ್ಪ್ರಿಂಗು, ಬೆಸುಗೆ. ಅವರಿಗೆ ಕೇಳಿಸಿದ ಸದ್ದು ನಿಜವಾಗಿಯೂ ಇತ್ತು ಎಂದೂ ಹೇಳಿದೆ. ಶ್ಯಾನುಭೋಗರು ಎದ್ದು, ನನ್ನ ಮುಖ ನೋಡದೆ ಒಳಗೆ ಹೋಗಿಬಿಟ್ಟರು.

ಅತ್ತಿಗೆ ಅಕ್ಕಿಯಿಂದ ಕಣ್ಣು ಎತ್ತಲಿಲ್ಲ. "ನನ್ ಹತ್ರ ಹೇಳಿದ್ದಾಯ್ತು. ಈಗ ನಂಬಿದೋರ್ ಹತ್ರ ಹೇಳು" ಎಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರು ಬಯ್ಯಲಿಲ್ಲ, ಅಳಲಿಲ್ಲ. ಒಂದು ಕಲ್ಲು ಆರಿಸಿ ಹೊರಗೆ ಎಸೆದು ಕೇಳಿದರು:

"ನಿಮ್ಮಣ್ಣ ನಿನ್ನ ಏನೂ ಕೇಳ್ಲೇ ಇಲ್ವಾ ಪುಟ್ಟು?"

ಇದೊಂದನ್ನು ಮುಚ್ಚಿಡಬಹುದಿತ್ತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ.

"ಕೇಳಿದ್ದ ಅತ್ತಿಗೆ. ಶ್ರಾವಣದಲ್ಲಿ, ಮಹಡಿಗೆ ಕರ್ಕೊಂಡ್ ಹೋಗಿ ಕೇಳಿದ್ದ. ಏನೂ ಇರ್ಲಿಲ್ಲ ಅಂತ ನಾನೇ ಹೇಳ್ದೆ."

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. "ಕೇಳಿದ್ರಾ?" ಎಂದರು. ಮೊದಲ ಸಲ ನನ್ನ ಮುಖ ನೋಡಿದರು. "ಏನಂತ ಕೇಳಿದ್ರು?"

ಅಣ್ಣ ಆಡಿದ ಮಾತನ್ನು ಹೇಳಿದೆ. ನಾಳೇನೇ ಹೋಗಿ ಅವಳನ್ನ ಕರ್ಕೊಂಡ್ ಬರ್ತೀನಿ, ಅಪ್ಪ ಬೇಡ ಅಂದ್ರೂ ಸರಿ.

ಅವರು ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ, "ಇನ್ನೊಂದ್ ಸಲ ಹೇಳು" ಎಂದರು.

ಹೇಳಿದೆ. ಅದು ಅವರಿಗೆ ಸೇರಿದ ಮಾತು. ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದೆ.